ಊರಿನ ಮಣ್ಣು ಯಾರದು?

ಹೊರನಾಡ ಕನ್ನಡಿಗರು ಸೇರಿದಲ್ಲೆಲ್ಲ ಒಂದು ಹಳಹಳಿಕೆ ತಪ್ಪದೆ ಕೇಳಿಬರುತ್ತದೆ: ಊರಿನ ಕೆರೆ ಬತ್ತಿತು, ಗೋಮಾಳ ಒತ್ತುವರಿಯಾಯಿತು, ಸರ್ಕಾರ ನಿದ್ರಿಸುತ್ತಿದೆ. ಕೇಂದ್ರ ಸರ್ಕಾರದ ಸೇವೆಯಲ್ಲಿರುವ ನನಗೆ ಆ ನಿದ್ರೆಯ ಪರಿಚಯ ಚೆನ್ನಾಗಿಯೇ ಇದೆ. ಆದರೆ ಪಿತ್ರಾರ್ಜಿತ ಹೊಲವನ್ನು ಹೆಚ್ಚು ಬೆಲೆ ಕೊಟ್ಟವನಿಗೆ ಮಾರಿ ಮುಂಬಯಿಯಲ್ಲಿ ಫ್ಲ್ಯಾಟು ಕೊಂಡವರು ಯಾರು? ನಾವೇ ಅಲ್ಲವೆ?

ನಾವು ನೆಲೆಸಿರುವ ಈ ಮಹಾರಾಷ್ಟ್ರದಲ್ಲೇ, ಗಡಚಿರೋಲಿ ಜಿಲ್ಲೆಯಲ್ಲಿ, ಮೆಂಢಾ-ಲೇಖಾ ಎಂಬ ಗೊಂಡರ ಪುಟ್ಟ ಗ್ರಾಮವಿದೆ. ಸರ್ವಸಮ್ಮತಿಯಿಲ್ಲದೆ ನಿರ್ಣಯವಿಲ್ಲ ಎಂಬುದು ಅಲ್ಲಿನ ಗ್ರಾಮಸಭೆಯ ನಿಯಮ. 2006ರ ಅರಣ್ಯ ಹಕ್ಕು ಕಾಯಿದೆಯನ್ವಯ ಆ ಸಭೆ 2009ರಲ್ಲಿ ಸುಮಾರು 1,800 ಹೆಕ್ಟೇರ್ ಕಾಡಿನ ಸಾಮುದಾಯಿಕ ಹಕ್ಕು ಪಡೆಯಿತು. ಆದರೂ ಬಿದಿರು ಸಾಗಣೆಯ ರಹದಾರಿ ಕೈಸೇರಲು 2011 ಬರಬೇಕಾಯಿತು. 2013ರಲ್ಲಿ ಗ್ರಾಮಸ್ಥರು, 1964ರ ಗ್ರಾಮದಾನ ಕಾಯಿದೆಯಂತೆ, ಸ್ವಂತ ಹೊಲಗಳ ಒಡೆತನವನ್ನೂ ಸಭೆಗೆ ಒಪ್ಪಿಸಿದರು. ಉಳುವ ಹಕ್ಕು ಮನೆತನಕ್ಕೆ ಉಳಿಯಿತು; ಹೊರಗಿನವರಿಗೆ ಮಾರುವ ಹಾದಿ ಮುಚ್ಚಿತು.

ಇದನ್ನು ಕಾಡುಜನರ ಮುಗ್ಧತೆಯೆಂದು ತಳ್ಳಿಹಾಕುವ ವಿದ್ಯಾವಂತರಿದ್ದಾರೆ. ಅಲ್ಪ ಭೂಮಿಯುಳ್ಳವರು ಕೈಗೊಂಡ ಈ ಸಂಕಲ್ಪ, ಎರಡು ಊರುಗಳಲ್ಲಿ ಆಸ್ತಿಯುಳ್ಳ ನಮಗೇಕೆ ಅಸಾಧ್ಯ?

ರಾಜ್ಯೋತ್ಸವದಂದು ತಾಯ್ನೆಲವನ್ನು ಸ್ತುತಿಸುವ ನಮ್ಮ ಸಂಘಗಳು ಒಂದು ಠರಾವನ್ನಾದರೂ ಅಂಗೀಕರಿಸಲಿ: ಊರಿನ ಭೂಮಿ ಮಾರುವ ಮುನ್ನ ಊರವರನ್ನು ಮೊದಲು ಕೇಳುತ್ತೇವೆ. ಅಷ್ಟೂ ಆಗದಿದ್ದಲ್ಲಿ, ಗೋಮಾಳಕ್ಕಾಗಿ ಕಣ್ಣೀರು ಸುರಿಸುವುದನ್ನು ನಿಲ್ಲಿಸೋಣ.