ಚಂದ್ರನಿಗೆ ಬೆಳಕು ತುಂಬಿದ ಮಾನಿ

2019ರ ಡಿಸೆಂಬರ್ 26ರಂದು ಕಂಕಣ ಸೂರ್ಯಗ್ರಹಣ ನೋಡಲು ಕೊಡಗಿನ ಕುಟ್ಟದ ಬಳಿ ಜನ ನೆರೆದಿದ್ದರು. ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ ಸೂರ್ಯ ಬಳೆಯಂತೆ ಕಾಣುವನೆಂದು ಎಲ್ಲರಿಗೂ ಮೊದಲೇ ತಿಳಿದಿತ್ತು. ಗ್ರಹಣವನ್ನು ಹೀಗೆ ಮುಂಚಿತವಾಗಿ ಹೇಳುವ ಗಣಿತ ಬಹಳ ಹಳೆಯದು. ಒಂದು ಕಾಲಕ್ಕೆ ಉತ್ತರ ಆಫ್ರಿಕಾದಿಂದ ಚೀನಾದವರೆಗೆ ಹಬ್ಬಿ, ಈಗ ಅಳಿದುಹೋಗಿರುವ ಧರ್ಮವೊಂದು ಈ ಗಣಿತದ ಮುಂದೆ ಪೇಚಿಗೆ ಸಿಲುಕಿತ್ತು.

ಆ ಧರ್ಮದ ಸ್ಥಾಪಕ ಮಾನಿ. ಹುಟ್ಟಿದ್ದು ಕ್ರಿ.ಶ. 216ರಲ್ಲಿ, ಇಂದಿನ ಇರಾಕಿಗೆ ಸೇರಿದ ಬ್ಯಾಬಿಲೋನಿಯಾದಲ್ಲಿ. ತಂದೆ ಸೇರಿದ್ದ ಕ್ರೈಸ್ತ ಪಂಥದಲ್ಲಿ ಮಡಿ ಬಹಳ; ತಿನ್ನುವ ತರಕಾರಿಗೂ ವಿಧಿಪೂರ್ವಕ ಸ್ನಾನವಾಗಬೇಕು! ಮಾನಿ ಬೆಳೆದದ್ದು ಅಲ್ಲಿಯೇ. 12ನೇ ವಯಸ್ಸಿನಲ್ಲಿ, ಮತ್ತೆ 24ರಲ್ಲಿ, ತನ್ನದೇ ಪ್ರತಿರೂಪದಂಥ ದೇವದೂತನೊಬ್ಬ ಕಾಣಿಸಿಕೊಂಡನೆಂದು ಆತ ಹೇಳಿದ. ಮೈಯನ್ನು ಎಷ್ಟು ತೊಳೆದರೂ ಶುದ್ಧವಾಗದು, ಬೆಳಕನ್ನು ಕತ್ತಲೆಯಿಂದ ಬೇರ್ಪಡಿಸುವ ಜ್ಞಾನವೇ ಶುದ್ಧಿ ಎಂದು ವಾದಿಸಿ ಹೊರಬಂದ. ಈ ಬಾಲ್ಯದ ವಿವರಗಳು ಸಿಕ್ಕಿದ್ದು ಬೆಂಕಿಪೊಟ್ಟಣದಷ್ಟೇ ದೊಡ್ಡದಾದ ಗ್ರೀಕ್ ಹಸ್ತಪ್ರತಿಯೊಂದರಲ್ಲಿ. ಅದನ್ನು ಬಿಡಿಸಿ ಓದಿದ್ದು 1969ರಲ್ಲಿ.

ಮಾನಿ ಹಡಗು ಹತ್ತಿ ಭಾರತದ ವಾಯವ್ಯ ಭಾಗಕ್ಕೂ ಬಂದಿದ್ದ. ಬುದ್ಧ, ಜರತುಷ್ಟ್ರ, ಯೇಸು ಮೂವರನ್ನೂ ತನ್ನ ಪೂರ್ವಿಕರೆಂದು ಒಪ್ಪಿಕೊಂಡ. ಅವರು ಸ್ವತಃ ಬರೆದಿಡಲಿಲ್ಲ, ಆದ್ದರಿಂದಲೇ ಬೋಧನೆ ಕೆಟ್ಟಿತು ಎಂದು ತಾನೇ ಗ್ರಂಥಗಳನ್ನು ರಚಿಸಿದ. ವಿಪರ್ಯಾಸವೆಂದರೆ, ಅವುಗಳಲ್ಲಿ ಒಂದೂ ಪೂರ್ತಿಯಾಗಿ ಉಳಿದಿಲ್ಲ.

ಬೆಳಕು, ಕತ್ತಲೆ ಎರಡೂ ಅನಾದಿ. ಇವೆರಡೂ ಬೆರೆತದ್ದೇ ಜಗತ್ತು. ಗಿಡಮರಗಳಲ್ಲೂ ಬೆಳಕು ಸೆರೆಯಾಗಿದೆ ಎಂಬುದು ಮಾನಿಯ ಬೋಧನೆ. ಆದ್ದರಿಂದ ಅವನ ಸಂನ್ಯಾಸಿಗಳು ಒಂದು ಸೌತೆಕಾಯಿಯನ್ನೂ ಕೀಳುವಂತಿರಲಿಲ್ಲ, ಗೃಹಸ್ಥರು ತಂದುಕೊಡಬೇಕು. ಸೋಮವಾರಪೇಟೆ ಕಡೆಯ ಮುಳ್ಳೂರಿನಲ್ಲಿ ಕೊಂಗಾಳ್ವರ ಕಾಲದ ಬಸದಿಗಳನ್ನು ನೋಡಿದವರಿಗೆ ಜೈನ ಮುನಿ-ಶ್ರಾವಕರ ಏರ್ಪಾಡು ನೆನಪಾದೀತು.

ಹೀಗೆ ಬಿಡುಗಡೆಯಾದ ಬೆಳಕು ಶುಕ್ಲಪಕ್ಷದಲ್ಲಿ ಚಂದ್ರನೆಂಬ ಹಡಗನ್ನು ತುಂಬುತ್ತದೆ, ಕೃಷ್ಣಪಕ್ಷದಲ್ಲಿ ಸೂರ್ಯನಿಗೆ ಇಳಿಸಲ್ಪಡುತ್ತದೆ! ಕಥೆಯಾಗಿ ಇದು ಬಲು ಸೊಗಸು. ಆದರೆ ಅವನ ಅನುಯಾಯಿಗಳು ಇದನ್ನು ಕಥೆ ಎನ್ನದೆ ಸತ್ಯಸಂಗತಿ ಎಂದರು. ತೊಡಕಾದದ್ದು ಅಲ್ಲಿಯೇ.

ಮುಂದೆ ಕ್ರೈಸ್ತ ಸಂತನೆನಿಸಿದ ಅಗಸ್ಟೀನ್ ತರುಣನಾಗಿದ್ದಾಗ ಸುಮಾರು ಒಂಬತ್ತು ವರ್ಷ ಈ ಮತದಲ್ಲಿದ್ದ. ಖಗೋಳಜ್ಞರ ಗ್ರಹಣದ ಲೆಕ್ಕಗಳು ಕರಾರುವಾಕ್ಕಾಗಿ ಕೂಡಿಬರುತ್ತಿದ್ದವು, ಮಾನಿಯ ಗ್ರಂಥಗಳಲ್ಲಿ ಅಂಥ ಲೆಕ್ಕವೇ ಇರಲಿಲ್ಲ. ಸುಮಾರು 383ರಲ್ಲಿ ಕಾರ್ಥೇಜಿಗೆ ಬಂದ ಮತದ ಹಿರಿಯ ಫೌಸ್ಟಸ್‌ನಲ್ಲಿ ಆತ ಈ ಸಂಶಯ ಮುಂದಿಟ್ಟ. ಫೌಸ್ಟಸ್ ತನಗೆ ತಿಳಿಯದೆಂದು ನೇರವಾಗಿ ಒಪ್ಪಿಕೊಂಡ. ಅಗಸ್ಟೀನನಿಗೆ ಆ ವಿನಯ ಮೆಚ್ಚುಗೆಯಾಯಿತು, ಮತದ ಮೇಲಿನ ಆಸಕ್ತಿ ಮಾತ್ರ ಕುಂದಿತು.

ಅಷ್ಟರಲ್ಲಿ ಮಾನಿ ಸತ್ತು ನೂರು ವರ್ಷ ಕಳೆದಿತ್ತು. ಪರ್ಷಿಯಾದ ದೊರೆ ಒಂದನೇ ಶಾಪುರ್ ಅವನಿಗೆ ಬೋಧಿಸಲು ಅನುಮತಿ ಕೊಟ್ಟಿದ್ದ. ಮುಂದೆ ಪಟ್ಟಕ್ಕೆ ಬಂದ ಒಂದನೇ ಬಹ್ರಾಮ್ ಸೆರೆಗೆ ತಳ್ಳಿದ. ಸಂಕೋಲೆಯಲ್ಲೇ ಮಾನಿ ಪ್ರಾಣಬಿಟ್ಟ. ಮತ ಮಾತ್ರ ಪೂರ್ವಕ್ಕೆ ಸಾಗಿ ಚೀನಾ ಮುಟ್ಟಿತು. ಅಲ್ಲಿನ ಫುಜಿಯಾನ್ ಪ್ರಾಂತ್ಯದ ತ್ಸಾವೊ-ಆನ್ ಗುಡಿಯಲ್ಲಿ 1339ರಲ್ಲಿ ಕಡೆದ ಮಾನಿಯ ಶಿಲಾಮೂರ್ತಿ ಇಂದಿಗೂ ಇದೆ. ಬೆನ್ನ ಹಿಂದೆ ಬೆಳಕಿನ ಕಿರಣಗಳನ್ನು ಕೆತ್ತಿದ್ದಾರೆ. ಊರವರು ಅದನ್ನು ಬುದ್ಧನೆಂದೇ ಪೂಜಿಸುತ್ತ ಬಂದಿದ್ದಾರೆ.