ಆ ಬಂದೂಕಿನ ಗುರಿ ಯಾರತ್ತ?

ಪುತ್ತೂರು, ಸುಳ್ಯ, ಕಡಬದ ಅನೇಕ ಮನೆಗಳಲ್ಲಿ ಸಂಜೆಯಾದರೆ ಮಕ್ಕಳ ಕೈಯಲ್ಲಿ ಮೊಬೈಲ್, ಪರದೆಯ ಮೇಲೆ ಬಂದೂಕು. ಸಮಯ ಹಾಳಾಯಿತೆಂದು ಹೆತ್ತವರು ಗದರುತ್ತಾರೆಯೇ ಹೊರತು, ಆ ಬಂದೂಕಿನ ಗುರಿ ಯಾರತ್ತ ಎಂದು ಕೇಳುವುದಿಲ್ಲ.

ಕೇಳಬೇಕಾಗಿದೆ. 2002ರಲ್ಲಿ ಅಮೆರಿಕದ ಸೇನೆಯೇ ಯುವಕರನ್ನು ತನ್ನತ್ತ ಸೆಳೆಯಲು 'ಅಮೆರಿಕಾಸ್ ಆರ್ಮಿ' ಎಂಬ ಆಟವನ್ನು ಉಚಿತವಾಗಿ ಹಂಚಿತು. 2009ರ 'ಕಾಲ್ ಆಫ್ ಡ್ಯೂಟಿ' ಆಟದಲ್ಲಿ ಕರಾಚಿಯ ಬೀದಿಫಲಕಗಳು ಉರ್ದುವಿನ ಬದಲು ಅರಬಿಯಲ್ಲಿದ್ದವು. ಮುಸ್ಲಿಮನೆಂದರೆ ಅರಬ, ಅರಬನೆಂದರೆ ಶತ್ರು. ಇಷ್ಟೇ ಅವರ ಭೂಗೋಳ! ಇತಿಹಾಸದ ಪಾಡೂ ಅಷ್ಟೆ. 1991ರಲ್ಲಿ ಕುವೈತಿನಿಂದ ಹಿಂದೆ ಸರಿಯುತ್ತಿದ್ದ ಇರಾಕಿಗಳ ಮೇಲೆ ಅಮೆರಿಕ ನೇತೃತ್ವದ ಪಡೆಗಳು ಬಾಂಬು ಸುರಿದ ರಸ್ತೆಗೆ 'ಸಾವಿನ ಹೆದ್ದಾರಿ' ಎಂಬ ಹೆಸರು ಬಂತು. 2019ರ 'ಕಾಲ್ ಆಫ್ ಡ್ಯೂಟಿ' ಅದೇ ಹೆಸರಿನ ರಸ್ತೆಯನ್ನು ತೋರಿಸಿ ಆ ಕೃತ್ಯವನ್ನು ರಷ್ಯನ್ನರ ತಲೆಗೆ ಕಟ್ಟಿತು.

ಮುಂಡಾಸು, ಗಡ್ಡ ಕಂಡೊಡನೆ ಗುಂಡು ಹಾರಿಸಲು ಕಲಿತ ಬ್ಯಾರಿ ಬಾಲಕ ತನ್ನ ಅಜ್ಜನ ಮುಖವನ್ನು ಹೇಗೆ ಕಂಡಾನು? ಅದೇ ಆಟವಾಡುವ ನೆರೆಮನೆಯ ಬಾಲಕ ನಮ್ಮನ್ನು ಹೇಗೆ ಕಂಡಾನು?

ಆದರೆ ನ್ಯಾಯ ಕೇಳುವವರು ತಮ್ಮತ್ತಲೂ ನೋಡಿಕೊಳ್ಳಬೇಕು. ಮೈಗೆ ಮಸಿ ಬಳಿದು 'ಕೊರಗ ವೇಷ' ಹಾಕಿ ಜನರನ್ನು ನಗಿಸುವ ರೂಢಿ ನಮ್ಮ ತುಳುನಾಡಿನಲ್ಲೇ ಇತ್ತು. ಕೊರಗರನ್ನು ಹೀನರಂತೆ ನಡೆಸಿಕೊಳ್ಳುವ ಅಜಲು ಪದ್ಧತಿಯ ನಿಷೇಧಕ್ಕೆ 2000ದಲ್ಲಿ ಕಾಯ್ದೆಯೇ ಬೇಕಾಯಿತು. ಆ ವೇಷ ನೋಡಿ ನಕ್ಕವರಲ್ಲಿ ನಾವೂ ಇರಲಿಲ್ಲವೇ?

ಮೊಬೈಲ್ ಕಸಿದುಕೊಂಡರೆ ಸಾಲದು. ಮಗುವಿನ ಪಕ್ಕ ಕುಳಿತು ಕೇಳೋಣ: ಇವನು ನಿನಗೆ ಶತ್ರುವಾದದ್ದು ಹೇಗೆ? ಹಾಗೆಂದು ಹೇಳಿದವರು ಯಾರು?