ಹೂವಿದೆ, ಕಾಯಿಲ್ಲ
ಹಿತ್ತಲಲ್ಲಿ ಸಿಹಿಗುಂಬಳದ ಬಳ್ಳಿ ಹಬ್ಬಿಸಿದವರ ಮೊದಲ ದೂರು ಒಂದೇ: ‘ಹೂವೇನೋ ರಾಶಿ, ಕಾಯಿ ಮಾತ್ರ ಇಲ್ಲ.’ ಗಾಬರಿ ಬೇಡ. ಮೊದಲು ಅರಳುವುದು ಬರೀ ಗಂಡು ಹೂ. ಹೆಣ್ಣು ಹೂ ವಾರ-ಹತ್ತು ದಿನ ತಡವಾಗಿ, ಬುಡದಲ್ಲಿ ಗೋಲಿಯಷ್ಟು ಮಿಡಿ ಹೊತ್ತೇ ಬರುತ್ತದೆ. ಅದು ಅರಳಿರುವುದು ಒಂದೇ ಬೆಳಗು. ಅಷ್ಟರಲ್ಲಿ ಜೇನುನೊಣ ಬಾರದಿದ್ದರೆ ಮಿಡಿ ಹಳದಿಯಾಗಿ ಉದುರಿತೆಂದೇ ಲೆಕ್ಕ. ಪೇಟೆಯ ಹಿತ್ತಲುಗಳಲ್ಲಿ ನೊಣವನ್ನೇ ನಂಬಿ ಕೂರುವಂತಿಲ್ಲ. 9 ಗಂಟೆಯೊಳಗೆ ಗಂಡು ಹೂ ಕಿತ್ತು, ಎಸಳು ಸುಲಿದು, ಪರಾಗದ ಕಡ್ಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆತ್ತಗೆ ಸವರಿದರಾಯಿತು. ಮಿಕ್ಕ ಗಂಡು ಹೂಗಳು ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯಲಿಕ್ಕೇ ಹುಟ್ಟಿದವು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾಯಿ ಹೆಚ್ಚಲೆಂದು ಬಳ್ಳಿಗೆ ಯೂರಿಯಾ ಸುರಿದರೆ ಎಲೆಯದೇ ದರ್ಬಾರು. ಉಗುರು ಇಳಿಯದಷ್ಟು ಸಿಪ್ಪೆ ಗಟ್ಟಿಯಾದ ಮೇಲೆ, ತೊಟ್ಟು ಉಳಿಸಿ ಕೊಯ್ದ ಕಾಯಿ ಅಟ್ಟದಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ.